ಹಿಮ್ಮೇಳದವರ ಹೆಸರು

(ಕಾರ್ಮಿಕರ ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಬೋನಸ್ಸಿನ ಮಾತಾಗಲಿ ತೆರಿಗೆಯ ಮಾತಾಗಲಿ ಆಡುವುದಿಲ್ಲ. ಹಾಡಿನ ಮಾತು ಆಡುತ್ತೇವೆ. ಕಡೆಗೆ ಅದೂ ಕೂಲಿಯ ಮಾತೇ ಆಗುವುದನ್ನು ತಾವು ಕಾಣುವಿರಿ.

ನಮ್ಮ ಯಕ್ಷಗಾನದಲ್ಲಿ ಹಿಮ್ಮೇಳದವರು ರಂಗದ ಮೇಲೆ ಎಲ್ಲರ ಕಣ್ಣೆದುರಿಗೇ ಕೂರುತ್ತಾರೆ. ಕರಪತ್ರದಲ್ಲಿ ಭಾಗವತರ ಹೆಸರು ತಪ್ಪುವುದಿಲ್ಲ. ಇಂಗ್ಲೆಂಡ್, ಅಮೆರಿಕಗಳ ರಾಕ್ ಸಂಗೀತದ ಹಿಮ್ಮೇಳದ ಕತೆ ಬೇರೆ. 1960 ಮತ್ತು 70ರ ದಶಕಗಳಲ್ಲಿ ಲಕ್ಷಗಟ್ಟಲೆ ಮಾರಾಟವಾದ ರೆಕಾರ್ಡುಗಳಲ್ಲಿ ಮುಖ್ಯ ಗಾಯಕನ ಹಿಂದೆ ಸೊಲ್ಲು ಹಿಡಿದವರಲ್ಲಿ ಅನೇಕರು ಕಪ್ಪು ಜನರ ಚರ್ಚುಗಳಲ್ಲಿ ಹಾಡಿ ಬೆಳೆದ ಹೆಣ್ಣುಮಕ್ಕಳು. ಕರೆದಾಗ ಬರಬೇಕು, ಹಾಡಬೇಕು, ಕೂಲಿ ಎಣಿಸಿಕೊಂಡು ಹೋಗಬೇಕು. ರೆಕಾರ್ಡಿನ ಹೊದಿಕೆಯ ಮೇಲೆ ಹೆಸರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

1969ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದವರು ಲಾಸ್ ಏಂಜಲೀಸಿನಲ್ಲಿ 'ಗಿಮ್ಮೀ ಶೆಲ್ಟರ್' ಎಂಬ ಹಾಡನ್ನು ಮುಗಿಸುತ್ತಿದ್ದರು. ನಡುರಾತ್ರಿಯಲ್ಲಿ ಒಂದು ಹೆಣ್ಣುದನಿ ಬೇಕೆನಿಸಿತು. ಮೆರಿ ಕ್ಲೇಟನ್ ಎಂಬಾಕೆಗೆ ಫೋನು ಹೋಯಿತು. ಆಕೆ ಬಸುರಿ. ಕೂದಲಿಗೆ ಸುತ್ತಿದ್ದ ಸುರುಳಿಗಳನ್ನೂ ಬಿಚ್ಚದೆ ಬಂದು ಹಾಡಿ ಹೋದರು. ಎದೆ ನಡುಗಿಸುವ ಆ ದನಿಯೇ ಹಾಡಿನ ಜೀವವೆಂದು ಇಂದಿಗೂ ಕೇಳುವವರು ಹೇಳುತ್ತಾರೆ. ರೆಕಾರ್ಡು ಹೊರಬಂದಾಗ 'ಮೆರಿ' ಹೋಗಿ 'ಮೇರಿ' ಎಂದು ಅಚ್ಚಾಗಿತ್ತು. ಒಂದಕ್ಷರದ ತಪ್ಪು ತಾನೆ ಎಂದು ಯಾರಾದರೂ ಅಂದಾರು. ಗಿರಣಿಯ ಮಿತ್ರರು ಅನ್ನಲಾರರು. ಪಿ.ಎಫ್. ಖಾತೆಯಲ್ಲಿ ಹೆಸರಿನ ಒಂದಕ್ಷರ ತಪ್ಪಿದರೆ ಎಷ್ಟು ಸಲ ಕಚೇರಿಯ ಮೆಟ್ಟಿಲು ಹತ್ತಬೇಕೆಂದು ಅವರು ಬಲ್ಲರು.

ಡಾರ್ಲೀನ್ ಲವ್ ಎಂಬಾಕೆಯ ಕತೆ ಇನ್ನೂ ಕಠಿಣ. 1962ರಲ್ಲಿ 'ಹೀ ಈಸ್ ಎ ರೆಬೆಲ್' ಎಂಬ ಹಾಡನ್ನು ಹಾಡಿದವರು ಆಕೆ ಮತ್ತು ಆಕೆಯ ಸಂಗಡಿಗರು. ನಿರ್ಮಾಪಕ ಫಿಲ್ ಸ್ಪೆಕ್ಟರ್ ಅದನ್ನು 'ಕ್ರಿಸ್ಟಲ್ಸ್' ಎಂಬ ಬೇರೆ ತಂಡದ ಹೆಸರಿನಲ್ಲಿ ಮಾರಿದ. ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಬದಲಿ ದುಡಿದದ್ದು ಒಬ್ಬರು, ಹಾಜರಿ ಬಿದ್ದದ್ದು ಇನ್ನೊಬ್ಬರಿಗೆ! ಕ್ರಿಸ್ಟಲ್ಸ್ ಹುಡುಗಿಯರನ್ನು ದೂಷಿಸಬೇಡಿ. ತಾವು ಹಾಡದ ಹಾಡನ್ನು ತಮ್ಮದೆಂದು ಊರೂರಿನ ವೇದಿಕೆಗಳಲ್ಲಿ ಹಾಡಬೇಕಾಗಿ ಬಂದ ಅವರೂ ದುಡಿಯುವವರೇ. ಹೆಸರನ್ನು ಅದಲುಬದಲು ಮಾಡುವ ಅಧಿಕಾರ ಒಡೆಯನ ಕೈಯಲ್ಲಿತ್ತು.

1980ರ ದಶಕದ ಆರಂಭದಲ್ಲಿ ಲವ್ ಹೊಟ್ಟೆಪಾಡಿಗೆ ಮನೆಗೆಲಸಕ್ಕೆ ಸೇರಿದರು. ಒಬ್ಬರ ಮನೆಯ ಬಚ್ಚಲು ತೊಳೆಯುತ್ತಿದ್ದಾಗ ರೇಡಿಯೋದಲ್ಲಿ ತಮ್ಮದೇ ಕ್ರಿಸ್‌ಮಸ್ ಹಾಡು ಕೇಳಿಬಂತೆಂದು ಆಕೆಯೇ ಹೇಳಿದ್ದಾರೆ. 1993ರಲ್ಲಿ ಸ್ಪೆಕ್ಟರನ ಮೇಲೆ ದಾವೆ ಹೂಡಿದರು. 1997ರಲ್ಲಿ ಸುಮಾರು 2,63,000 ಡಾಲರ್ ಕೊಡತಕ್ಕದ್ದೆಂದು ತೀರ್ಪಾಯಿತು. ಆದರೆ 1987ಕ್ಕೆ ಹಿಂದಿನ ಬಾಕಿಗೆ ಕಾಲಮಿತಿ ಮೀರಿತ್ತು. ಹಕ್ಕು ಕೇಳಲು ತಡಮಾಡುವವರೆಲ್ಲ ಇದನ್ನು ನೆನಪಿನಲ್ಲಿಡಬೇಕು.

ನಮ್ಮ ಅಂಗಡಿಯ ಮಿತ್ರರೊಬ್ಬರು ಕೇಳಿದರು: "ಕೂಲಿ ಕೊಟ್ಟಾಯಿತಲ್ಲ ಮೇಷ್ಟ್ರೇ, ಮತ್ತೇನು ಬಾಕಿ?" ನ್ಯಾಯವಾದ ಪ್ರಶ್ನೆ. ಒಂದು ದಿನ ನೇಯ್ದ ಬಟ್ಟೆ ಒಮ್ಮೆ ಮಾರಿದರೆ ಮುಗಿಯಿತು. ಒಂದು ದಿನ ಹಾಡಿದ ಹಾಡು ಐವತ್ತು ವರ್ಷ ಮಾರುತ್ತದೆ. ಕಂಪನಿಯೂ ಹೆಸರಾಂತ ಗಾಯಕನೂ ಪ್ರತಿ ಮಾರಾಟದಲ್ಲಿ ಪಾಲು ಪಡೆಯುವಾಗ, ಹಿಂದೆ ನಿಂತವರಿಗೆ ಮಾತ್ರ ಅಂದೇ ಲೆಕ್ಕ ಚುಕ್ತಾ ಎನ್ನುವುದು ಯಾವ ವ್ಯಾಪಾರ?

1973ರ ಜನವರಿಯ ಒಂದು ಭಾನುವಾರ ಲಂಡನ್ನಿನಲ್ಲಿ ಪಿಂಕ್ ಫ್ಲಾಯ್ಡ್ ತಂಡದವರು ಕ್ಲೇರ್ ಟೋರಿ ಎಂಬಾಕೆಯನ್ನು ಕರೆಸಿದರು. ಪದವಿಲ್ಲ, ರಾಗ ಬರೆದುಕೊಟ್ಟಿಲ್ಲ. ಪಿಯಾನೋ ಕೇಳಿ ತೋಚಿದಂತೆ ಹಾಡಬೇಕು. ಭಾನುವಾರವಾದ್ದರಿಂದ ಇಮ್ಮಡಿ ದರ, 30 ಪೌಂಡು. ಆ ಹಾಡಿದ್ದ 'ದ ಡಾರ್ಕ್ ಸೈಡ್ ಆಫ್ ದ ಮೂನ್' 4 ಕೋಟಿಗೂ ಮಿಕ್ಕಿ ಮಾರಾಟವಾಗಿದೆ. ಹಾಡಿದವರೆಂದು ಟೋರಿಯ ಹೆಸರು ಹಾಕಿದ್ದರು, ನಿಜ. ಆದರೆ ರಚಿಸಿದವರೆಂದು ಪಿಯಾನೋ ನುಡಿಸಿದ ರಿಚರ್ಡ್ ರೈಟರ ಹೆಸರೊಂದೇ ಇತ್ತು. ರಚನೆಯ ಹಣವೆಲ್ಲ ಆ ಹೆಸರಿನ ಹಿಂದೆ ಹೋಯಿತು. 2004ರಲ್ಲಿ ಟೋರಿ ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ರಾಜಿಯಾಯಿತು. ಅಂದಿನಿಂದ ರಚನೆಕಾರರ ಸಾಲಿನಲ್ಲಿ ಇಬ್ಬರ ಹೆಸರೂ ಇದೆ.

ಅಮೆರಿಕದಲ್ಲಿ 1995ರ ಕಾನೂನಿನಿಂದ ಒಂದು ದಾರಿ ತೆರೆಯಿತು. ಇಂಟರ್ನೆಟ್ ರೇಡಿಯೋ, ಉಪಗ್ರಹ ರೇಡಿಯೋಗಳು ಆ ಕಾನೂನಿನ ಪರವಾನಗಿಯಡಿ ಕಟ್ಟುವ ಪ್ರತಿ 100 ಡಾಲರಿನಲ್ಲಿ 50 ರೆಕಾರ್ಡಿನ ಒಡೆಯನಿಗೆ, 45 ಮುಖ್ಯ ಕಲಾವಿದರಿಗೆ, ಎರಡೂವರೆ ಹಿಂದಿನ ವಾದ್ಯದವರಿಗೆ, ಎರಡೂವರೆ ಹಿಮ್ಮೇಳದ ಹಾಡುಗಾರರಿಗೆ. ಪಾಲು ಸಣ್ಣದು. ಅದನ್ನು ಹಂಚುವ ನಿಧಿಯವರು ಹಾಡಿದವರಾರೆಂದು ಹಳೆಯ ಕಾಗದಗಳಲ್ಲಿ ಹುಡುಕಬೇಕು. ಕಾಗದದಲ್ಲಿ ಹೆಸರಿಲ್ಲದಿದ್ದರೆ ಆ ಎರಡೂವರೆಯೂ ಕೈಸೇರುವುದು ಕಷ್ಟ.

ನಮ್ಮ ದೇಶವೇನೂ ಹೊರತಲ್ಲ. 1949ರ 'ಮಹಲ್' ಚಿತ್ರದ ಹಾಡಿನ ರೆಕಾರ್ಡಿನ ಮೇಲೆ ಲತಾ ಮಂಗೇಶ್ಕರರ ಹೆಸರಿರಲಿಲ್ಲ; ಚಿತ್ರದ ಪಾತ್ರವಾದ 'ಕಾಮಿನಿ'ಯ ಹೆಸರಿತ್ತು. 2012ರಲ್ಲಿ ಕೃತಿಸ್ವಾಮ್ಯ ಕಾನೂನಿನ ತಿದ್ದುಪಡಿ ಹಾಡುಗಾರರಿಗೂ ರಾಯಧನದ ಹಕ್ಕು ಕೊಟ್ಟಿತು. ಸಂತೋಷ. ಆದರೆ ಅದೇ ತಿದ್ದುಪಡಿ ಇನ್ನೊಂದು ಮಾತನ್ನೂ ಸೇರಿಸಿದೆ: ಸಿನಿಮಾದಲ್ಲಿ ಪ್ರಾಸಂಗಿಕವಾಗಿ ಭಾಗವಹಿಸಿ, ಉದ್ಯಮದ ವಾಡಿಕೆಯಂತೆ ಎಲ್ಲಿಯೂ ಹೆಸರು ಕಾಣಿಸದವರನ್ನು ಈ ಹಕ್ಕಿನ ಮಟ್ಟಿಗೆ ಕಲಾವಿದರೆಂದು ಎಣಿಸತಕ್ಕದ್ದಲ್ಲ. ಹೆಸರು ಹಾಕದಿರುವುದು ಒಡೆಯರ ವಾಡಿಕೆ. ಆ ವಾಡಿಕೆಯನ್ನೇ ಕಾನೂನು ಆಧಾರ ಮಾಡಿಕೊಂಡಿತು. ಮೊದಲು ಹೆಸರು ತೆಗೆದರು, ಆಮೇಲೆ ಹೆಸರಿಲ್ಲವಲ್ಲ ಎಂದು ಹಕ್ಕು ತೆಗೆದರು.

ಹೆಸರೆಂದರೆ ಹೊಗಳಿಕೆಯ ಆಸೆಯೆಂದು ನಗುವವರಿದ್ದಾರೆ. ದುಡಿಯುವವನಿಗೆ ಹೆಸರೆಂದರೆ ರಸೀದಿ. ಹಾಡಿದ ದಿನವೇ, ಹಾಡಿದ ಜಾಗದಲ್ಲೇ ಪ್ರತಿಯೊಬ್ಬರ ಹೆಸರು ಬರೆದು ಒಂದು ಪ್ರತಿ ಅವರ ಕೈಗೆ ಕೊಡಬೇಕೆಂಬ ಬೇಡಿಕೆ ಹಾಡುಗಾರರದಾದರೆ ನಮ್ಮ ಬೆಂಬಲ ಅದಕ್ಕಿದೆ. ತಾವೂ ನಾಳೆ ಪಾಳಿ ಮುಗಿಸಿ ಹೊರಡುವ ಮುನ್ನ ಹಾಜರಿ ಪುಸ್ತಕದಲ್ಲಿ ತಮ್ಮ ಹೆಸರನ್ನೂ, ಪಕ್ಕದ ಬದಲಿಯವನ ಹೆಸರನ್ನೂ ನೋಡಿಕೊಂಡು ಬನ್ನಿ.