ಎತ್ತರದ ಮೇಜು



ನಿಮ್ಮಲ್ಲಿ ಕೆಲವರು ಲಿಂಗರಾಜಪುರದ ಕಡೆಯವರಿರಬಹುದು. ರೈಲು ಹಳಿಯ ಮೇಲಿನ ಆ ಸೇತುವೆಯ ಆಚೀಚೆ ಕನ್ನಡ, ತಮಿಳು, ಉರ್ದು ಎಲ್ಲವೂ ಕಿವಿಗೆ ಬೀಳುತ್ತವೆ. ಗುಡಿ, ಚರ್ಚು, ಮಸೀದಿ ಮೂರೂ ಇವೆ. ಚುನಾವಣೆ ಬಂತೆಂದರೆ ಇಂಥ ಬಡಾವಣೆಗಳಲ್ಲಿ ಮೊದಲು ಏಳುವ ಪ್ರಶ್ನೆ, "ಅವರು ಯಾವ ಜನ?" ಎಂಬುದು. ಅಷ್ಟು ತಿಳಿದರೆ ಅಭ್ಯರ್ಥಿಯ ಒಳಹೊರಗೆಲ್ಲ ತಿಳಿದಂತೆ ಎಂದು ಹಿರಿಯರೂ ನಂಬುತ್ತಾರೆ. ಈ ನಂಬಿಕೆ ಎಷ್ಟು ನಿಜ? ಒಬ್ಬರ ಬದುಕನ್ನು ಮುಂದಿಟ್ಟುಕೊಂಡು ನೋಡೋಣ.

1930ರ ಜೂನ್ 3ರಂದು ಮಂಗಳೂರಿನ ಕ್ಯಾಥೊಲಿಕ್ ಮನೆಯೊಂದರಲ್ಲಿ ಹುಡುಗನೊಬ್ಬ ಹುಟ್ಟಿದ. ಅದು ಐದನೆಯ ಜಾರ್ಜ್ ದೊರೆಯ ಹುಟ್ಟಿದ ದಿನವೂ ಹೌದು. ತಾಯಿ ಅದೇ ಹೆಸರಿಟ್ಟರು. ದೊರೆಯ ಹೆಸರು ಹೊತ್ತ ಹುಡುಗ ಮುಂದೆ ಕೂಲಿಗಾರರ ಮುಂದಾಳಾದದ್ದು ತಮಾಷೆಯೇ ಸರಿ! ಅವರೇ ಜಾರ್ಜ್ ಫರ್ನಾಂಡಿಸ್. ಪಾದ್ರಿಯಾಗಲೆಂದು ಮನೆಯವರು 1946ರಲ್ಲಿ ಅವರನ್ನು ಬೆಂಗಳೂರಿನ ಸೇಂಟ್ ಪೀಟರ್ ಸೆಮಿನರಿಗೆ ಕಳಿಸಿದರು. ಎರಡೂವರೆ ವರ್ಷ ಓದಿದರು, ಆಮೇಲೆ ಬಿಟ್ಟು ಹೊರಟರು. ಕಾರಣವನ್ನು ಅವರೇ ಹೇಳಿಕೊಂಡಿದ್ದಾರೆ. ಊಟದ ಮನೆಯಲ್ಲಿ ಗುರುಗಳಿಗೆ ಎತ್ತರದ ಮೇಜು, ಒಳ್ಳೆಯ ಊಟ; ಕಲಿಯುವ ಹುಡುಗರಿಗೆ ಬೇರೆ. ಬೋಧನೆಗೂ ನಡತೆಗೂ ಇದ್ದ ಈ ಅಂತರ ಅವರಿಗೆ ಹಿಡಿಸಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ. ಅವರು ಧರ್ಮವನ್ನು ಬಿಟ್ಟರೆ, ಅಥವಾ ಅದರ ಮಾತನ್ನು ಬಹಳ ಗಂಭೀರವಾಗಿ ತೆಗೆದುಕೊಂಡರೆ? ನನಗೆ ಎರಡನೆಯದೇ ಸರಿ ಎನ್ನಿಸುತ್ತದೆ. ಎಲ್ಲರೂ ದೇವರ ಮಕ್ಕಳು ಎಂದು ಕಲಿತ ಹುಡುಗನಿಗೇ ಆ ಮೇಜಿನ ಎತ್ತರ ಕಣ್ಣಿಗೆ ಕುಕ್ಕಬೇಕು. ಮಂಗಳೂರಿನ ಹೋಟೆಲ್ ಕಾರ್ಮಿಕರನ್ನು ಸಂಘಟಿಸಿ ಮುಂಬಯಿಗೆ ಹೋದರು. 1967ರಲ್ಲಿ ಅಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದರು. 1974ರಲ್ಲಿ ರೈಲ್ವೆ ಮುಷ್ಕರ ನಡೆಸಿದರು. ತುರ್ತುಪರಿಸ್ಥಿತಿಯಲ್ಲಿ ಸಿಖ್ಖರ ವೇಷ ಹಾಕಿ ತಲೆಮರೆಸಿಕೊಂಡವರು 1976ರ ಜೂನ್‌ನಲ್ಲಿ ಸಿಕ್ಕಿಬಿದ್ದದ್ದು ಕೋಲ್ಕತ್ತದ ಚರ್ಚೊಂದರ ಆವರಣದಲ್ಲಿ. ಮಂತ್ರಿಯಾದ ಮೇಲೂ ತಮ್ಮ ಬಟ್ಟೆಯನ್ನು ತಾವೇ ಒಗೆದುಕೊಳ್ಳುತ್ತಿದ್ದರು.

1984ರಲ್ಲಿ ಅವರು ಬೆಂಗಳೂರು ಉತ್ತರದಿಂದ ಲೋಕಸಭೆಗೆ ನಿಂತರು. ಎದುರಾಳಿ ಚಳ್ಳಕೆರೆಯ ಸಿ.ಕೆ. ಜಾಫರ್ ಷರೀಫ್, ನಿಜಲಿಂಗಪ್ಪನವರ ಬಳಿ ರಾಜಕೀಯ ಕಲಿತವರು. ಇಂದಿರಾ ಗಾಂಧಿಯವರ ಹತ್ಯೆಯ ನಂತರದ ಚುನಾವಣೆ ಅದು, ಜಾರ್ಜ್ ಸೋತರು. ಸೆಮಿನರಿ ಬಿಟ್ಟವರು ಒಬ್ಬರು, ಮುಸಲ್ಮಾನರು ಇನ್ನೊಬ್ಬರು. ಮುಂದೆ ಇಬ್ಬರೂ ರೈಲ್ವೆ ಮಂತ್ರಿಗಳಾದರು. ಜಾರ್ಜ್ ಕಾಲದಲ್ಲಿ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಷರೀಫರ ಕಾಲದಲ್ಲಿ, 1992ರಲ್ಲಿ, ಮೀಟರ್ ಗೇಜ್ ಹಳಿಗಳನ್ನು ಬ್ರಾಡ್ ಗೇಜ್ ಮಾಡುವ ದೊಡ್ಡ ಯೋಜನೆ ಆರಂಭವಾಯಿತು. ಆ ಹಳಿಯ ಮೇಲೆ ಓಡಾಡಿದವರನ್ನು ಯಾವ ಜನವೆಂದು ಯಾರೂ ಕೇಳಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಕತೆ ಸಿಹಿಯಾಗಿಬಿಡುತ್ತದೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಎಂಬ ಮಿಷನರಿಯನ್ನೂ ಅವರ ಇಬ್ಬರು ಎಳೆಯ ಗಂಡುಮಕ್ಕಳನ್ನೂ ಜೀಪಿನಲ್ಲೇ ಸುಟ್ಟು ಕೊಂದರು. ಕೇಂದ್ರ ಸರಕಾರ ಮೂವರು ಮಂತ್ರಿಗಳನ್ನು ಅಲ್ಲಿಗೆ ಕಳಿಸಿತು. ರಕ್ಷಣಾ ಮಂತ್ರಿಯಾಗಿದ್ದ ಜಾರ್ಜ್ ಅವರಲ್ಲೊಬ್ಬರು. ಇದು ಸರಕಾರವನ್ನು ಅಲುಗಿಸುವ ಸಂಚು ಎಂಬ ಮಾತು ಆ ತಂಡದಿಂದ ಬಂತು. ಅನೇಕ ಕ್ರೈಸ್ತರಿಗೆ ಇದು ನೋವು ತಂದಿತು: ನಮ್ಮವನೇ ಹೀಗೆನ್ನಬಹುದೆ? ನೋವು ನ್ಯಾಯವಾದದ್ದೇ. ಆದರೆ 'ನಮ್ಮವನು' ಎಂಬ ಪದ ನನ್ನನ್ನು ಕಾಡುತ್ತದೆ. ಅವರು ಕ್ರೈಸ್ತರಾಗಿದ್ದರೆಂದು ಆ ಮಾತು ತಪ್ಪಾಗಲಿಲ್ಲ. ಯಾರು ಆಡಿದ್ದರೂ ತಪ್ಪೇ. ಎಳೆಯ ವಯಸ್ಸಿನಲ್ಲಿ ಊಟದ ಮೇಜಿನ ಎತ್ತರವನ್ನು ಕಂಡು ಸಿಟ್ಟಾದವರು, ಅಧಿಕಾರದ ಎತ್ತರದಲ್ಲಿ ಕುಳಿತಾಗ ಅದನ್ನು ಕಾಣಲಿಲ್ಲವೇ? ನಿಮ್ಮ ತರಗತಿಯಲ್ಲಿ ಈ ಪ್ರಶ್ನೆಯ ಮೇಲೆ ಜಗಳವಾಡಿ. ಅಧ್ಯಾಪಕರೂ ಸೇರಿಕೊಳ್ಳಲಿ.

ಜಾರ್ಜ್ 2019ರ ಜನವರಿ 29ರಂದು ದೆಹಲಿಯಲ್ಲಿ ತೀರಿಕೊಂಡರು. ದೇಹವನ್ನು ಲೋಧಿ ರಸ್ತೆಯ ಚಿತಾಗಾರದಲ್ಲಿ ಸುಟ್ಟರು. ಅಸ್ಥಿಯನ್ನು ಪೃಥ್ವಿರಾಜ್ ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ ಹೂಳಿದರು.