ಟ್ರ್ಯಾಕ್ಟರಿನ ಬಿಗಿದ ಲಿವರ್

ಪೇಟೆಯಲ್ಲಿ ಮನೆ, ಹಳ್ಳಿಯಲ್ಲಿ ನಾಲ್ಕು ಎಕರೆ ಗದ್ದೆ. ಶಿವಮೊಗ್ಗ, ಭದ್ರಾವತಿಗಳ ಅನೇಕ ಸಂಸಾರಗಳ ಸ್ಥಿತಿ ಇದು. ಗದ್ದೆಯನ್ನು ಅಣ್ಣನೋ ಭಾವನೋ ನೋಡಿಕೊಳ್ಳುತ್ತಾರೆ. ನಾವು ರಜೆಯಲ್ಲಿ ಹೋಗಿ ಅಭಿಪ್ರಾಯ ಹೇಳಿ ಬರುತ್ತೇವೆ. ಕನ್ನಡ ಪಾಠ ಹೇಳುವ ಮೇಷ್ಟ್ರಿಗೂ ಟ್ರ್ಯಾಕ್ಟರಿಗೂ ಏನು ಸಂಬಂಧವೆಂದು ಕೇಳುಗರು ಕೇಳಬಹುದು. ಅದು ಭಾವನ ಕಡೆಯಿಂದ ಬಂದ ಸಂಬಂಧ.

ಭಾವನ ಗದ್ದೆ ಇರುವುದು ಗಾಜನೂರಿನ ಬಳಿ. ಗಾಜನೂರೆಂದರೆ ಕೆಲವರಿಗೆ ಡಾ. ರಾಜ್‌ಕುಮಾರ್ ನೆನಪಾಗುತ್ತಾರೆ, ಅದು ತಾಳವಾಡಿ ಸೀಮೆಯದು. ನಾನು ಹೇಳುತ್ತಿರುವುದು ತೀರ್ಥಹಳ್ಳಿ ರಸ್ತೆಯಲ್ಲಿ, ತುಂಗೆಯ ಅಣೆಕಟ್ಟು ಇರುವ ಊರು. ಅಲ್ಲಿ ಭಾವನ ಮನೆಯ ಮುಂದೆ ಹಳೆಯ ಮ್ಯಾಸಿ ಫರ್ಗುಸನ್ 35 ಒಂದಿದೆ. ಕೊಟ್ಟಿಗೆಯಲ್ಲಿ ಜಾಗವಿಲ್ಲದೆ ಎರಡು ಮಳೆಗಾಲ ಅಂಗಳದಲ್ಲೇ ನಿಂತಿತ್ತು. ಅದರ ಮೇಲೆ ಒಂದು ಗೋಣಿಚೀಲ ಹೊದಿಸಿದ್ದೇ ಉಪಚಾರ.

ಆ ವರ್ಷ ನಾಲೆಗೆ ನೀರು ಬಿಟ್ಟಾಗಿತ್ತು. ಸಸಿಮಡಿಗೆ ಇಪ್ಪತ್ತೆರಡು ದಿನವಾಗಿತ್ತು. ನಾಟಿಯ ಆಳುಗಳಿಗೆ ಮುಂಗಡ ಕೊಟ್ಟಾಗಿತ್ತು. ಕೆಸರು ಹೊಡೆಯಲು ಹೊರಟರೆ, ಹಿಂದಿನ ಕಲ್ಟಿವೇಟರನ್ನು ಎತ್ತಿ ಇಳಿಸುವ ಹೈಡ್ರಾಲಿಕ್ ಲಿವರ್ ಕದಲುವುದಿಲ್ಲ! ಟ್ರ್ಯಾಕ್ಟರ್ ಓಡಿಸುವ ಹುಡುಗ ಬಲಶಾಲಿ. ಲಿವರಿಗೆ ಒಂದು ಕಬ್ಬಿಣದ ಪೈಪು ತೊಡಿಸಿ, ಕೆಳಗೆ ನಿಂತು ಎಳೆದ. ಬಿಗಿದಿದ್ದದ್ದು ಒಮ್ಮೆಗೇ ಸಡಿಲಿತು. ಮೇಲಿದ್ದ ಕಲ್ಟಿವೇಟರ್ ದಡಕ್ಕನೆ ನೆಲಕ್ಕೆ ಬಿತ್ತು. ಅವನ ಪಾದಕ್ಕೂ ಅದರ ಹಲ್ಲಿಗೂ ನಡುವೆ ಒಂದು ಗೇಣು ಇದ್ದಿರಬಹುದು. ಹುಡುಗ ನಕ್ಕ. ಅವನ ತಾಯಿ ಬಾಗಿಲಲ್ಲಿ ನಿಂತಿದ್ದರು; ಅವರು ನಗಲಿಲ್ಲ.

ಈ ಲಿವರಿನ ಮಹಿಮೆಯನ್ನು ಸ್ವಲ್ಪ ಹೇಳಬೇಕು. ಐರ್ಲೆಂಡಿನ ಹ್ಯಾರಿ ಫರ್ಗುಸನ್ ಎಂಬಾತ ನೇಗಿಲನ್ನು ಟ್ರ್ಯಾಕ್ಟರಿನ ಹಿಂದೆ ಸರಪಳಿಯಿಂದ ಎಳೆಸದೆ, ಮೂರು ತೋಳುಗಳಿಂದ ಅದರ ಅಂಗವೇ ಆಗುವಂತೆ ಜೋಡಿಸಿದ. ಎಣ್ಣೆಯ ಒತ್ತಡದಿಂದ ಅದನ್ನು ಎತ್ತಿ ಇಳಿಸುವ ಏರ್ಪಾಟು ಮಾಡಿದ. 1939ರಲ್ಲಿ ಅಮೆರಿಕದ ಫೋರ್ಡ್ ಟ್ರ್ಯಾಕ್ಟರಿನಲ್ಲೂ, 1946ರಿಂದ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ ಆತನದೇ ಹೆಸರಿನ ಟ್ರ್ಯಾಕ್ಟರಿನಲ್ಲೂ ಇದು ಬಂತು. ನಮ್ಮಲ್ಲಿ 1960ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ಟಾಫೆ ಕಂಪೆನಿಯು ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರುಗಳನ್ನು ರೈತರ ಮನೆಬಾಗಿಲಿಗೆ ತಂದಿತು. ಗಾಜನೂರಿನ ಹತ್ತಿರವೇ ಸಕ್ರೆಬೈಲಿನ ಆನೆ ಬಿಡಾರವಿದೆ. ಮಾವುತ ಕಾಲ್ಬೆರಳಿನಿಂದ ಕಿವಿಯ ಹಿಂದೆ ಒತ್ತಿದರೆ ಸಾಕು, ಅಷ್ಟು ದೊಡ್ಡ ಪ್ರಾಣಿ ತಿರುಗುತ್ತದೆ. ಲಿವರಿನ ಕೆಲಸವೂ ಅಷ್ಟೇ. ಭಾರ ಎತ್ತುವುದು ಎಣ್ಣೆ, ಕೈ ಬರೀ ಸೂಚನೆ ಕೊಡುತ್ತದೆ. ಆದ್ದರಿಂದ ಲಿವರಿಗೆ ಬಲ ಬೇಕಾಯಿತೆಂದರೆ ಎಲ್ಲೋ ತಪ್ಪಿದೆ ಎಂದೇ ತಿಳಿಯಬೇಕು.

ಭಾವ ಪೇಟೆಯ ಒಂದು ಗ್ಯಾರೇಜಿಗೆ ಹೋದರು. "ಹೈಡ್ರಾಲಿಕ್ ಪಂಪು ಹೋಗಿದೆ, ಪೂರಾ ಬದಲಾಯಿಸಬೇಕು, ಹತ್ತು ದಿನ ಬೇಕು" ಎಂಬ ಉತ್ತರ ಬಂತು. ಹತ್ತು ದಿನವಾದರೆ ಸಸಿ ಮುದಿಯಾಗುತ್ತದೆ. ಕೊನೆಗೆ ನನಗೆ ಪರಿಚಿತರಾದ, ಭದ್ರಾವತಿಯಲ್ಲಿ ಫಿಟರ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರನ್ನು ಕರೆದುಕೊಂಡು ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ: "ಲಿವರ್ ಸಡಿಲಾದ ಮೇಲೆ ಕಲ್ಟಿವೇಟರ್ ಎತ್ತಿತಾ?" ಎತ್ತಿತು ಎಂದ ಹುಡುಗ. "ಹಾಗಾದರೆ ಪಂಪನ್ನು ಯಾಕೆ ಬೈತೀರಿ ಮೇಷ್ಟ್ರೇ? ಬಾಗಿಲ ಚಿಲಕ ತುಕ್ಕು ಹಿಡಿದರೆ ಗೋಡೆ ಕೆಡವ್ತೀರಾ?"

ಲಿವರ್ ಬಿಗಿಯಾಗಿರುವುದು ಒಂದು ರೋಗ, ಭಾರ ಏಳದಿರುವುದು ಇನ್ನೊಂದು ರೋಗ. ಒಳಗಿನ ಕವಾಟ ಕಚ್ಚಿಕೊಂಡರೆ ಸಾಮಾನ್ಯವಾಗಿ ಲಿವರ್ ಸಲೀಸಾಗಿ ಹೋಗುತ್ತದೆ, ನೇಗಿಲು ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಇವೆರಡನ್ನು ಬೆರೆಸುವುದು ಸಮಾಸವನ್ನು ತಪ್ಪು ಜಾಗದಲ್ಲಿ ಬಿಡಿಸಿ ಕವಿಯನ್ನು ದೂರಿದಂತೆ. (ನನ್ನ ಹತ್ತನೆಯ ತರಗತಿಯವರು ವರ್ಷವೂ ಮಾಡುವ ಕೆಲಸ.)

ಅವರು ಮೊದಲು ಕಲ್ಟಿವೇಟರನ್ನು ನೆಲಕ್ಕೆ ಪೂರ್ತಿ ಇಳಿಸಿದ್ದನ್ನು ನೋಡಿಕೊಂಡು ಎಂಜಿನ್ ನಿಲ್ಲಿಸಿದರು. ಎತ್ತಿ ನಿಲ್ಲಿಸಿದ ಸಾಧನದ ಕೆಳಗೆ ಕೈಯಾಗಲಿ ಕಾಲಾಗಲಿ ಇಡಕೂಡದು. ಅದನ್ನು ಹಿಡಿದಿರುವುದು ಬರೀ ಎಣ್ಣೆ. ಆಮೇಲೆ ಆಸನದ ಬಲಕ್ಕಿರುವ, ಲಿವರ್ ಓಡಾಡುವ ಕಮಾನುಪಟ್ಟಿಯನ್ನು ಪರೀಕ್ಷಿಸಿದರು. ಬಿಟ್ಟ ಜಾಗದಲ್ಲೇ ಲಿವರ್ ನಿಲ್ಲಲೆಂದು ಅಲ್ಲಿ ಘರ್ಷಣೆಯ ಬಿಲ್ಲೆಗಳನ್ನೂ, ಅವನ್ನು ಒತ್ತಿ ಹಿಡಿಯುವ ಸ್ಪ್ರಿಂಗು ಮತ್ತು ನಟ್ಟನ್ನೂ ಇಟ್ಟಿರುತ್ತಾರೆ. ಯಾರೋ ಆ ನಟ್ಟನ್ನು ಮಿತಿ ಮೀರಿ ಬಿಗಿದಿದ್ದರು. ಸಡಿಲಿಸಿದರು, ಅರ್ಧ ಬಿಗಿ ಇಳಿಯಿತು. ಉಳಿದರ್ಧ ಲಿವರಿನ ದಂಡದಲ್ಲಿತ್ತು. ಈ ಗಾಡಿಗೆ ಎರಡು ಲಿವರ್‌ಗಳು: ಒಂದು ಎತ್ತರಕ್ಕೆ, ಇನ್ನೊಂದು ಎಳೆತಕ್ಕೆ. ಒಂದರ ದಂಡ ಇನ್ನೊಂದರ ಕೊಳವೆಯೊಳಗೆ ತಿರುಗುತ್ತದೆ. ಅವುಗಳ ಸಂದಿಗೆ ಎರಡು ಮಳೆಗಾಲದ ನೀರು ಇಳಿದು ತುಕ್ಕಾಗಿತ್ತು, ಹಳೆಯ ಗ್ರೀಸು ಅಂಟಾಗಿತ್ತು.

ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಸಂದಿಗೆ ಹಾಕಿ ಒಂದು ರಾತ್ರಿ ಬಿಟ್ಟರು. ಬೆಳಿಗ್ಗೆ ಪೈಪನ್ನು ದೂರ ಇಡಿಸಿ, ಬರಿಗೈಯಲ್ಲಿ ಕೂದಲೆಳೆಯಷ್ಟು ಮುಂದೆ, ಅಷ್ಟೇ ಹಿಂದೆ, ಮತ್ತೆ ಎಣ್ಣೆ, ಮತ್ತೆ ಮುಂದೆ ಹಿಂದೆ. ಮೂರು ಗಂಟೆ ಹಿಡಿಯಿತು. ಕಮಾನುಪಟ್ಟಿಯ ಬೋಲ್ಟುಗಳನ್ನು ಮಾತ್ರ ಮುಟ್ಟಲಿಲ್ಲ. ಅದನ್ನು ಕೂರಿಸಿದ ಜಾಗದ ಮೇಲೆ ಇಡೀ ಲಿಫ್ಟಿನ ಅಳತೆ ನಿಂತಿದೆಯಂತೆ. ಬಿಚ್ಚಲೇಬೇಕಾದರೆ ಮೊದಲು ಗುರುತು ಹಾಕಿಕೊಳ್ಳಬೇಕು. ಇಷ್ಟಕ್ಕೂ ದಂಡ ಬಿಡದಿದ್ದರೆ ಲಿಫ್ಟಿನ ಮೇಲ್ಮುಚ್ಚಳವನ್ನೇ ಎತ್ತಬೇಕು. ಅದು ಬಹಳ ಭಾರ, ಸರಪಳಿ ರಾಟೆ ಬೇಕು. ಮನೆಯಲ್ಲಿ ಮಾಡುವ ಕೆಲಸವಲ್ಲ.

ಎಣ್ಣೆಯನ್ನೂ ನೋಡಿದರು. ಈ ಟ್ರ್ಯಾಕ್ಟರಿನಲ್ಲಿ ಗೇರಿಗೂ ಲಿಫ್ಟಿಗೂ ಒಂದೇ ಎಣ್ಣೆ. ಅಳತೆಕಡ್ಡಿಯಲ್ಲಿ ಅದು ಹಾಲು ಬೆರೆತ ಕಾಫಿಯಂತೆ ಕಂಡಿತು. ನೀರು ಸೇರಿದ್ದಕ್ಕೆ ಅದೇ ಗುರುತು. ಅದನ್ನು ಹಾಗೇ ಬಿಟ್ಟಿದ್ದರೆ ಕವಾಟವೂ ತುಕ್ಕು ಹಿಡಿದು, ಗ್ಯಾರೇಜಿನವರ ಮಾತು ಮುಂದಿನ ವರ್ಷ ನಿಜವಾಗುತ್ತಿತ್ತೇನೋ. ಎಲ್ಲವನ್ನೂ ಬಸಿದು ಹೊಸ ಎಣ್ಣೆ ತುಂಬಿಸಿದರು.

ನಟ್ಟನ್ನು ಮತ್ತೆ ಬಿಗಿಯುವಾಗ ಅವರು ಹುಡುಗನನ್ನು ಕರೆದರು. "ಎರಡು ಬೆರಳಿಗೆ ಬರಬೇಕು, ಬಿಟ್ಟರೆ ತಾನಾಗಿ ಜಾರಬಾರದು. ಎಲ್ಲಿ, ನೀನೇ ಬಿಗಿ ನೋಡೋಣ." ಹುಡುಗ ನಾಲ್ಕು ಸಲ ಬಿಗಿದು ಸಡಿಲಿಸಿ ಸರಿಯಾದ ಹದ ಹಿಡಿದ. ಆ ಮಧ್ಯಾಹ್ನವೇ ಟ್ರ್ಯಾಕ್ಟರ್ ಕೆಸರಿಗಿಳಿಯಿತು. ಇಪ್ಪತ್ತಾರನೆಯ ದಿನ ನಾಟಿಯಾಯಿತು. ಹಿರಿಯರು ಹಣ ಮುಟ್ಟಲಿಲ್ಲ, ಒಂದು ಗೊನೆ ಬಾಳೆಕಾಯಿ ಒಯ್ದರು. ಗೋಣಿಚೀಲದ ಜಾಗದಲ್ಲಿ ಭಾವ ತಗಡಿನ ಚಪ್ಪರ ಹಾಕಿಸಿದ್ದಾರೆ. ಪೈಪು ಈಗ ಬಚ್ಚಲೊಲೆಯ ಪಕ್ಕದಲ್ಲಿದೆ, ಹುಡುಗನ ತಾಯಿ ಅದರಿಂದ ಬೆಂಕಿ ಊದುತ್ತಾರೆ.