ಕಲಿಸುವ ಕೈ

ವೇದಿಕೆ ಕೈಬಿಟ್ಟ ಕಲಾವಿದರಿಗೆ ಪಾಠ ಹೇಳುವುದೇ ಗತಿ ಎಂದು ಹಲವರು ಭಾವಿಸುತ್ತಾರೆ. ಅಮೆರಿಕದ ಪಿಯಾನೋ ವಾದಕ ಲಿಯಾನ್ ಫ್ಲೈಶರ್ ಅವರ ಬದುಕು ಇದನ್ನು ಒಪ್ಪುವುದಿಲ್ಲ. 1952ರಲ್ಲಿ ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸ್ಪರ್ಧೆ ಗೆದ್ದವರು ಅವರು. 1960ರ ದಶಕದ ನಡುವೆ ಅವರ ಬಲಗೈಯ ಬೆರಳುಗಳು ಮಡಿಚಿಕೊಂಡು ಹೇಳಿದ ಮಾತು ಕೇಳದಾದವು. ಅದಕ್ಕೇ ಮೇಷ್ಟರಾದರು ಎನ್ನೋಣವೇ? ಬಾಲ್ಟಿಮೋರ್‌ನ ಪೀಬಡಿ ಸಂಗೀತ ಶಾಲೆಯಲ್ಲಿ ಅವರು 1959ರಿಂದಲೇ ಕಲಿಸುತ್ತಿದ್ದರಲ್ಲ! ನುಡಿಸಲಾಗದವರ ಪಾಠ ಬರಿ ಬಾಯಿಮಾತು ಎಂದೀರಿ. ಆದರೆ ರಾವೆಲ್ ಎಡಗೈಗೆಂದೇ ರಚಿಸಿದ ಕಾಂಚೆರ್ಟೊದಂಥ ಕೃತಿಗಳನ್ನು ಅವರು ನುಡಿಸುತ್ತಲೇ ಇದ್ದರು. ಬಲಗೈಯಲ್ಲಿ ತೋರಿಸಲಾಗದ್ದನ್ನು ಮಾತಿನಲ್ಲಿ ಬಿಡಿಸಿಟ್ಟರು. ದಶಕಗಳ ನಂತರ, ಚಿಕಿತ್ಸೆಯ ಬಲದಿಂದ ಎರಡೂ ಕೈಗಳಲ್ಲಿ ನುಡಿಸುತ್ತ ವೇದಿಕೆಗೆ ಮರಳಿದರು. ಆಗಲೂ ತರಗತಿ ಬಿಡಲಿಲ್ಲ; ತೊಂಬತ್ತು ದಾಟಿದ ಮೇಲೂ ಪಾಠ ಹೇಳುತ್ತಿದ್ದರು.